ಸೊರಟೂರಿನಿಂದ ಶಿಂಗಣಾಪುರಕ್ಕೆ: ಭೋಸಲೆ ಮನೆತನದ ಮೂಲಪುರುಷನ ಶೋಧ

ಪುಣೆ ಪ್ರಾಂತದ ಒಂದು ಜಹಗೀರಿನಿಂದ ತಲೆಯೆತ್ತಿ 17ನೆಯ ಶತಮಾನದಲ್ಲಿ ದಖ್ಖನ್ನಿನ ರಾಜಕಾರಣದ ದಿಕ್ಕನ್ನೇ ತಿರುಗಿಸಿದ ಭೋಸಲೆ ಮನೆತನದ ಪೀಳಿಗೆಯನ್ನು ಶಿವಾಜಿಯಿಂದ ಹಿಂದಕ್ಕೆ ಎಣಿಸುತ್ತ ಹೋದರೆ, ಶಹಾಜಿ, ಮಾಲೋಜಿ, ಬಾಬಾಜಿ ಎಂಬ ಮೂರು ಹೆಸರುಗಳವರೆಗೆ ಕಾಲೂರಲು ಗಟ್ಟಿ ನೆಲ ಸಿಗುತ್ತದೆ. ಬಾಬಾಜಿಯ ಆಚೆಗೆ ಹೆಸರುಗಳು ಬಿಡಿಬಿಡಿಯಾಗಿ ಕಾಣಿಸಿಕೊಳ್ಳುತ್ತವೆಯೇ ಹೊರತು ಅವುಗಳನ್ನು ಒಂದಕ್ಕೊಂದು ಕೂಡಿಸುವ ಕೊಂಡಿಗಳು ದೊರೆಯುವುದಿಲ್ಲ. ಈ ಮನೆತನವನ್ನು ಭೀಮಾ ನದಿಯ ಬಯಲಿಗೆ ಕರೆತಂದ ಮೂಲಪುರುಷ ಯಾರು, ಅವನು ಎಲ್ಲಿಂದ ಬಂದ, ಏಕೆ ಬಂದ ಎಂಬ ಪ್ರಶ್ನೆಗಳಿಗೆ ಕಳೆದ ಮೂರೂವರೆ ಶತಮಾನಗಳಲ್ಲಿ ಕನಿಷ್ಠ ಮೂರು ಉತ್ತರಗಳು ಹುಟ್ಟಿಕೊಂಡಿವೆ. ಒಂದು ಉತ್ತರ ಅವನನ್ನು ಮೇವಾಡದ ಚಿತ್ತೋಡಿನಿಂದ ತರುತ್ತದೆ. ಎರಡನೆಯದು ಅದೇ ಚಿತ್ತೋಡಿನ ವಂಶವನ್ನು ಕರ್ನಾಟಕದ ಮುಧೋಳದ ಮೂಲಕ ಹಾಯಿಸುತ್ತದೆ. ಪುಣೆಯ ವಿದ್ವಾಂಸರೊಬ್ಬರು 2001ರಲ್ಲಿ ಮುಂದಿಟ್ಟ ಮೂರನೆಯ ಉತ್ತರವು ಗದಗಿನ ಹತ್ತಿರದ ಸೊರಟೂರಿನಿಂದ ದನಗಳ ಹಿಂಡು ಹೊಡೆದುಕೊಂಡು, ಕುಲದೇವರನ್ನೂ ಜೊತೆಗೆ ಕರೆದುಕೊಂಡು ಉತ್ತರಕ್ಕೆ ಹೋದ ಬಳಿಯಪ್ಪನೆಂಬ ಕನ್ನಡ ನಾಡಿನ ಗೋಪಾಲಕನನ್ನು ತೋರಿಸುತ್ತದೆ. ಈ ಮೂರು ಉತ್ತರಗಳೂ ಒಂದೊಂದು ಕಾಲದ ಒಂದೊಂದು ಅಗತ್ಯಕ್ಕೆ ಸ್ಪಂದಿಸಿ ರೂಪುಗೊಂಡವು ಎಂಬುದನ್ನೂ, ಮೂಲಪುರುಷನ ಹೆಸರಿಗಿಂತ ಅವನು ನಡೆದಿರಬಹುದಾದ ದಾರಿಗೆ ಹೆಚ್ಚು ಬಲವಾದ ಸಾಕ್ಷ್ಯವಿದೆ ಎಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ.

ವಲಸೆ ಬಂದ ಮೂಲಪುರುಷನು ಇತಿಹಾಸಕಾರನ ಕೈಗೆ ಸಿಗದೆ ಜಾರಿಹೋಗುವುದು ದಖ್ಖನ್ನಿನ ಮಾತು ಮಾತ್ರವಲ್ಲ. 18ನೆಯ ಶತಮಾನದಲ್ಲಿ ಐರ್ಲೆಂಡಿನ ಅಲ್ಸ್ಟರ್ ಪ್ರಾಂತದಿಂದ ಅಮೆರಿಕೆಗೆ ಹೋಗಿ ನೆಲೆಸಿದ ಸ್ಕಾಟಿಷ್ ಮೂಲದ ಪ್ರೆಸ್ಬಿಟೀರಿಯನ್ ಕುಟುಂಬಗಳ ವಂಶಜರು ಇಂದಿಗೂ ಇದೇ ತೊಡಕನ್ನು ಎದುರಿಸುತ್ತಾರೆ. ಅಮೆರಿಕದ ಸರಕಾರ ಹಡಗುಗಳ ಪ್ರಯಾಣಿಕರ ಪಟ್ಟಿಗಳನ್ನು ಕ್ರಮವಾಗಿ ಸಂಗ್ರಹಿಸತೊಡಗಿದ್ದು 1820ರಿಂದ. ಐರ್ಲೆಂಡಿನ ಕಡೆಯ ದಾಖಲೆಗಳ ಬಹುಪಾಲು 1922ರ ಜೂನ್ ತಿಂಗಳಿನಲ್ಲಿ, ಅಲ್ಲಿನ ಅಂತರ್ಯುದ್ಧದ ಆರಂಭದಲ್ಲಿ, ಡಬ್ಲಿನ್ನಿನ ಸಾರ್ವಜನಿಕ ದಾಖಲೆಗಳ ಭಂಡಾರದೊಂದಿಗೆ ಸುಟ್ಟುಹೋಯಿತು. ದಾಖಲೆ ಇಲ್ಲದ ಕಡೆ ಕತೆ ಬಂದು ಕುಳಿತುಕೊಳ್ಳುತ್ತದೆ: ಕಡಲು ದಾಟಿ ಬಂದ ಮೂವರು ಅಣ್ಣತಮ್ಮಂದಿರು, ಕೈತಪ್ಪಿದ ಒಂದು ದೊಡ್ಡ ಆಸ್ತಿ, ಊರಲ್ಲಿ ಬಿಟ್ಟುಬಂದ ಶ್ರೀಮಂತ ಮನೆತನ ಎಂಬ ಸಂಗತಿಗಳು ಒಂದಕ್ಕೊಂದು ಸಂಬಂಧವಿಲ್ಲದ ಕುಟುಂಬಗಳಲ್ಲಿಯೂ ಒಂದೇ ಅಚ್ಚಿನಲ್ಲಿ ಸಿಗುತ್ತವೆ. ಇಂತಹ ಶೋಧದಲ್ಲಿ ಪಳಗಿದವರು ಪಾಲಿಸುವ ನಿಯಮ ಸರಳವಾದುದು: ತಿಳಿದವನಿಂದ ತಿಳಿಯದವನ ಕಡೆಗೆ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯಬೇಕು, ಹೆಸರಾಂತ ಪೂರ್ವಜನೊಬ್ಬನನ್ನು ಮೊದಲೇ ಆರಿಸಿಕೊಂಡು ಅವನಿಂದ ಮುಂದಕ್ಕೆ ಇಳಿದು ಬರಬಾರದು. ಭೋಸಲೆಯವರ ವಿಷಯದಲ್ಲಿಯೂ ಈ ನಿಯಮದಿಂದಲೇ ತೊಡಗುವುದು ಕ್ಷೇಮ.

ಗಟ್ಟಿ ನೆಲದ ಎಲ್ಲೆ

ಮರಾಠಿ ನಾಡಿನಲ್ಲಿ ಕುಟುಂಬಗಳ ಇತಿಹಾಸ ಉಳಿದುಬಂದಿರುವುದಕ್ಕೆ ಮುಖ್ಯ ಕಾರಣ ವತನ ಪದ್ಧತಿ. ವತನವೆಂದರೆ ಪಾಟೀಲಿಕೆ, ಕುಲಕರ್ಣಿಕೆ, ದೇಶಮುಖಿಯಂತಹ ವಂಶಪಾರಂಪರ್ಯ ಹಕ್ಕು. ಈ ಹಕ್ಕಿನ ಮೇಲೆ ಅಣ್ಣತಮ್ಮಂದಿರೊಳಗೆ ವ್ಯಾಜ್ಯ ಹುಟ್ಟಿದಾಗಲೆಲ್ಲ ವಾದಿ ಪ್ರತಿವಾದಿಗಳು ತಮ್ಮ ತಮ್ಮ ಪೀಳಿಗೆಯನ್ನು ಗೋತಸಭೆಯ, ಅಂದರೆ ಊರಿನ ಮತ್ತು ಕುಲದ ಹಿರಿಯರ ಕೂಟದ, ಮುಂದೆ ಹೇಳಬೇಕಾಗುತ್ತಿತ್ತು. ಹೀಗೆ ಸಲ್ಲಿಸಿದ ಹೇಳಿಕೆಗೆ ಕರೀನಾ ಎಂದೂ, ಸಾಕ್ಷಿಗಳ ಗುರುತುಗಳೊಂದಿಗೆ ಹೊರಡುತ್ತಿದ್ದ ತೀರ್ಪಿಗೆ ಮಹಜರು ಎಂದೂ ಹೆಸರು. ಮೋಡಿ ಲಿಪಿಯಲ್ಲಿ ಬರೆದ ಇಂತಹ ಕಾಗದಪತ್ರಗಳು ರುಮಾಲುಗಳಲ್ಲಿ ಕಟ್ಟಿಟ್ಟ ಕಂತೆಗಳಾಗಿ ಪುಣೆಯ ಪೇಶವೆ ದಫ್ತರದಲ್ಲಿ ಅಪಾರ ಸಂಖ್ಯೆಯಲ್ಲಿವೆ. ಗೋವಿಂದ ಸಖಾರಾಮ ಸರದೇಸಾಯಿ ಅವರು 1930ರ ದಶಕದ ಆರಂಭದಲ್ಲಿ ಅವುಗಳಿಂದ ಆಯ್ದು 45 ಸಂಪುಟಗಳನ್ನು ಪ್ರಕಟಿಸಿದರು. ಅದಕ್ಕೂ ಮೊದಲೇ, 1910ರಲ್ಲಿ, ವಿಶ್ವನಾಥ ಕಾಶೀನಾಥ ರಾಜವಾಡೆ ಅವರು ಖಂಡೇರಾವ ಮೆಹೆಂದಳೆ ಅವರ ಜೊತೆಗೂಡಿ ಪುಣೆಯಲ್ಲಿ ಭಾರತ ಇತಿಹಾಸ ಸಂಶೋಧಕ ಮಂಡಳವನ್ನು ಸ್ಥಾಪಿಸಿ, ವಾಡೆಗಳ ಅಟ್ಟದ ಮೇಲೆ ಕೊಳೆಯುತ್ತಿದ್ದ ದಫ್ತರಗಳನ್ನು ಕೂಡಿಹಾಕುವ ಕೆಲಸಕ್ಕೆ ಒಂದು ಸಂಸ್ಥೆಯ ಬಲವನ್ನು ಒದಗಿಸಿದ್ದರು. ಭೋಸಲೆಯವರ ಪೂರ್ವೋತ್ತರವನ್ನು ಶೋಧಿಸಿದ ವಿದ್ವಾಂಸರಲ್ಲಿ ಬಹುಪಾಲು ಜನರು ಈ ಎರಡು ಸಂಗ್ರಹಗಳ ನೆರಳಿನಲ್ಲಿಯೇ ಬೆಳೆದವರು.

ಈ ಬಗೆಯ ಆಧಾರಗಳ ಮೇಲೆ ನಿಂತು ನೋಡಿದರೆ, ಬಾಬಾಜಿ ಭೋಸಲೆಯು ಭೀಮಾತೀರದ ಹಿಂಗಣಿ, ಬೇರಡಿ, ದೇವಳಗಾವ್ ಮುಂತಾದ ಊರುಗಳ ಪಾಟೀಲನಾಗಿ ಕಾಣಿಸುತ್ತಾನೆ. ಅವನಿಗಿಂತ ಹಿಂದಿನ ಮುಧೋಜಿ, ರೂಪಾಜಿ ಎಂಬ ಹೆಸರುಗಳು ಹಿಂಗಣಿಯ ಪಾಟೀಲಿಕೆಯ ಸಂಬಂಧದಲ್ಲಿ ಬರುತ್ತವೆ; ಮುಂದೆ ನಾಗಪುರವನ್ನು ಆಳಿದ ಭೋಸಲೆಯವರು ತಮ್ಮನ್ನು ಹಿಂಗಣೀಕರರೆಂದು ಕರೆದುಕೊಂಡದ್ದು ಈ ಊರಿನಿಂದಲೇ. ಬಾಬಾಜಿಯ ಮಕ್ಕಳಾದ ಮಾಲೋಜಿ ಮತ್ತು ವಿಠೋಜಿ ಅಹಮದನಗರದ ನಿಜಾಮಶಾಹಿಯ ಸೇವೆಗೆ ಸೇರಿದರು. ಮಾಲೋಜಿ ಫಲಟಣದ ನಿಂಬಾಳ್ಕರ ಮನೆತನದ ಹೆಣ್ಣನ್ನು ಮದುವೆಯಾದನು, ಪುಣೆ ಮತ್ತು ಸುಪೆ ಪರಗಣೆಗಳನ್ನು ಜಹಗೀರಾಗಿ ಪಡೆದನು, ಇಂದಾಪುರದ ಕದನದಲ್ಲಿ ಮಡಿದನು. ಅವನ ಮಗ ಶಹಾಜಿ ಸಿಂದಖೇಡದ ಲಖೂಜಿ ಜಾಧವನ ಮಗಳು ಜಿಜಾಬಾಯಿಯ ಕೈಹಿಡಿದನು. 1630ರಲ್ಲಿ ಜುನ್ನರಿನ ಬಳಿಯ ಶಿವನೇರಿ ಕೋಟೆಯಲ್ಲಿ ಶಿವಾಜಿ ಹುಟ್ಟಿದನು. ಊರ ಗೌಡಿಕೆಯಿಂದ ಪರಗಣೆಯ ಜಹಗೀರಿಗೆ, ಜಹಗೀರಿನಿಂದ ಸಿಂಹಾಸನಕ್ಕೆ ನಾಲ್ಕೇ ತಲೆಮಾರುಗಳಲ್ಲಿ ನಡೆದ ಈ ಏರಿಕೆಯೇ ಮೂಲಪುರುಷನ ಪ್ರಶ್ನೆಯನ್ನು ಹುಟ್ಟಿಸಿತು. ಪಾಟೀಲನಾಗಿಯೇ ಉಳಿದಿದ್ದ ಮನೆತನಕ್ಕೆ ತನ್ನ ಊರಿನ ಗಡಿಯಾಚೆಗಿನ ಪೂರ್ವಜನ ಅಗತ್ಯವೇ ಬೀಳುತ್ತಿರಲಿಲ್ಲ.

ಚಿತ್ತೋಡಿನ ಉತ್ತರ

1674ರ ಜೂನ್ 6ರಂದು ರಾಯಗಡದಲ್ಲಿ ನಡೆದ ಪಟ್ಟಾಭಿಷೇಕಕ್ಕೆ ಶಾಸ್ತ್ರದ ದೃಷ್ಟಿಯಿಂದ ಇದ್ದ ಮುಖ್ಯ ಅಡ್ಡಿ ಕ್ಷತ್ರಿಯತ್ವದ ಪ್ರಶ್ನೆ. ವೈದಿಕ ವಿಧಿಯಿಂದ ಅಭಿಷಿಕ್ತನಾಗಬೇಕಾದವನು ಕ್ಷತ್ರಿಯನಾಗಿರಬೇಕು, ಅವನಿಗೆ ಉಪನಯನ ಆಗಿರಬೇಕು ಎಂಬ ಮತವನ್ನು ಹಿಡಿದಿದ್ದ ಪಂಡಿತರನ್ನು ಒಪ್ಪಿಸಲು ಕಾಶಿಯ ಗಾಗಾಭಟ್ಟನ ಪಾಂಡಿತ್ಯವೂ ವಂಶಾವಳಿಯ ಬೆಂಬಲವೂ ಬೇಕಾದವು. ಕೃಷ್ಣಾಜಿ ಅನಂತ ಸಭಾಸದನು 1697ರ ಸುಮಾರಿಗೆ ಜಿಂಜಿಯಲ್ಲಿ ಬರೆದ ಬಖರು, ಅಂದರೆ ಗದ್ಯರೂಪದ ಚರಿತ್ರೆ, ರಾಜನ ಕುಲವನ್ನು ಶೋಧಿಸಿದಾಗ ಅವನು ಉತ್ತರದಿಂದ ದಕ್ಷಿಣಕ್ಕೆ ಬಂದ ಸಿಸೋದಿಯ ವಂಶದವನೆಂದು ತಿಳಿದುಬಂದಿತೆಂದು ಹೇಳುತ್ತದೆ. ಮುಂದೆ ವಿಸ್ತಾರಗೊಂಡ ರೂಪದಲ್ಲಿ ಈ ಕತೆ ಹೀಗಿದೆ: 1303ರಲ್ಲಿ ಅಲಾವುದ್ದೀನ್ ಖಿಲ್ಜಿಯ ಕೈಗೆ ಚಿತ್ತೋಡು ಬಿದ್ದ ಮೇಲೆ ಬದುಕುಳಿದ ಅಜಯಸಿಂಹನ ಮಕ್ಕಳು, ಮೇವಾಡದ ಗಾದಿಯು ಸೋದರಸಂಬಂಧಿ ಹಮ್ಮೀರನ ಪಾಲಾದಾಗ, ಭಾಗ್ಯವನ್ನು ಅರಸಿ ದಖ್ಖನ್ನಿಗೆ ಹೊರಟುಬಂದರು, ಅವರಲ್ಲಿ ಸಜ್ಜನಸಿಂಹನ ಸಂತತಿಯೇ ಭೋಸಲೆಯವರು. ಜೇಮ್ಸ್ ಟಾಡ್ 1829ರಿಂದ 1832ರ ಅವಧಿಯಲ್ಲಿ ಪ್ರಕಟಿಸಿದ ರಾಜಸ್ಥಾನದ ಚರಿತ್ರೆಯು ಈ ಸಂಬಂಧಕ್ಕೆ ಇಂಗ್ಲಿಷ್ ಓದುಗರಲ್ಲಿಯೂ ಮಾನ್ಯತೆ ತಂದುಕೊಟ್ಟಿತು.

ಜದುನಾಥ ಸರ್ಕಾರರು ಈ ವಂಶಾವಳಿಯನ್ನು ಪಟ್ಟಾಭಿಷೇಕದ ಅನುಕೂಲಕ್ಕಾಗಿ ಶಿವಾಜಿಯ ಕಾರ್ಯದರ್ಶಿ ಬಾಳಾಜಿ ಆವಜಿ ಮತ್ತು ಇತರರು ಚತುರತೆಯಿಂದ ಹೆಣೆದುದೆಂದು ತೀರ್ಮಾನಿಸಿದರು. ಆದರೆ ಕತೆಯ ಬೀಜ 1674ಕ್ಕಿಂತ ಹಳೆಯದು ಎಂಬುದಕ್ಕೆ ಒಂದು ಗಮನಾರ್ಹ ಸಾಕ್ಷ್ಯವು ಬೆಂಗಳೂರಿನಿಂದ ಬರುತ್ತದೆ. ವಿಜಾಪುರದ ಸೇನಾನಿ ರಣದುಲ್ಲಾಖಾನನು 1638ರಲ್ಲಿ ಕೆಂಪೇಗೌಡರ ಮನೆತನದಿಂದ ಬೆಂಗಳೂರನ್ನು ಗೆದ್ದ ಮೇಲೆ ಅದು ಶಹಾಜಿಯ ಜಹಗೀರಾಯಿತು. ಅಲ್ಲಿನ ಅವನ ಆಸ್ಥಾನವನ್ನು ಜಯರಾಮ ಪಿಂಡ್ಯೆ ಎಂಬ ಕವಿ ರಾಧಾಮಾಧವವಿಲಾಸ ಚಂಪೂ ಎಂಬ ಕೃತಿಯಲ್ಲಿ ವರ್ಣಿಸಿದನು. ಗದ್ಯಪದ್ಯಗಳು ಬೆರೆತ ಚಂಪೂ ರೂಪದ ಈ ಸಂಸ್ಕೃತ ಕಾವ್ಯದ ಒಂದು ಭಾಗದಲ್ಲಿ ಕನ್ನಡವೂ ಸೇರಿದಂತೆ ಹಲವು ದೇಶಭಾಷೆಗಳ ಪದ್ಯಗಳು ಬರುತ್ತವೆ. ರಾಜವಾಡೆ ಅವರು 1922ರಲ್ಲಿ ದೀರ್ಘ ಪ್ರಸ್ತಾವನೆಯೊಂದಿಗೆ ಇದನ್ನು ಸಂಪಾದಿಸಿ ಹೊರತಂದಾಗ, ಶಹಾಜಿಯ ಕಾಲದಲ್ಲಿಯೇ ಅವನ ಕುಲವನ್ನು ಚಿತ್ತೋಡಿನ ರಾಣಾನಿಗೂ ದಲೀಪನೆಂಬ ಪೂರ್ವಜನಿಗೂ ಜೋಡಿಸಲಾಗುತ್ತಿತ್ತು ಎಂಬುದು ಖಚಿತವಾಯಿತು. ಪಟ್ಟಾಭಿಷೇಕವು ಕತೆಯನ್ನು ಸೃಷ್ಟಿಸಲಿಲ್ಲ, ಆಗಲೇ ಚಲಾವಣೆಯಲ್ಲಿದ್ದ ಕತೆಗೆ ಶಾಸ್ತ್ರದ ಮುದ್ರೆ ಒತ್ತಿತು ಎಂದು ಹೇಳುವುದೇ ಹೆಚ್ಚು ಸರಿ. ಆದರೂ ಕವಿಯ ಮಾತು ಮುನ್ನೂರು ವರ್ಷಗಳ ಹಿಂದಿನ ರಕ್ತಸಂಬಂಧಕ್ಕೆ ಪುರಾವೆಯಾಗುವುದಿಲ್ಲ. ಭೋಸಲೆಯವರ ಕೌಶಿಕ ಗೋತ್ರಕ್ಕೂ ಸಿಸೋದಿಯರ ಬೈಜವಾಪ ಗೋತ್ರಕ್ಕೂ ಇರುವ ಭಿನ್ನತೆಯನ್ನು ಸಂಶಯವಾದಿಗಳು ಎತ್ತಿ ತೋರಿಸಿದ್ದಾರೆ. ಕ್ಷತ್ರಿಯರು ಪುರೋಹಿತನ ಗೋತ್ರವನ್ನೇ ತಮ್ಮದಾಗಿಸಿಕೊಳ್ಳುವ ರೂಢಿಯೂ ಇರುವುದರಿಂದ ಆ ವಾದವೊಂದರಿಂದಲೇ ಪ್ರಶ್ನೆ ಬಗೆಹರಿಯಲಾರದು.

ಎರಡನೆಯ ಉತ್ತರದ ಕೇಂದ್ರ ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳ. ಅಲ್ಲಿನ ಘೋರ್ಪಡೆ ಸಂಸ್ಥಾನಿಕರ ಸಂಗ್ರಹದಲ್ಲಿದ್ದ ಫಾರಸಿ ಫರ್ಮಾನುಗಳು, ಅಂದರೆ ಸುಲ್ತಾನರ ಆಜ್ಞಾಪತ್ರಗಳು, ಸಜ್ಜನಸಿಂಹನ ವಂಶಜರು ಬಹಮನಿ ಅರಸರ ಸೇವೆಯಲ್ಲಿದ್ದರೆಂದೂ, 1471ರ ಸುಮಾರಿಗೆ ಆ ವಂಶದ ಕರ್ಣಸಿಂಹನು ಉಡಕ್ಕೆ ಹಗ್ಗ ಕಟ್ಟಿ ಕೋಟೆ ಏರಿದ ಸಾಹಸಕ್ಕಾಗಿ ಘೋರ್ಪಡೆ ಎಂಬ ಬಿರುದು ಬಂದಿತೆಂದೂ, ಕಿರಿಯ ಶಾಖೆಯೊಂದು ವೇರೂಳದ ಕಡೆಗೆ ಸರಿದು ಭೋಸಲೆ ಮನೆತನವಾಯಿತೆಂದೂ ಹೇಳುತ್ತವೆ. ದತ್ತೋ ವಿಷ್ಣು ಆಪಟೆ ಅವರು 1930ರ ದಶಕದಲ್ಲಿ ಇವುಗಳನ್ನು ಆಧರಿಸಿ ಮುಧೋಳ ಮನೆತನದ ಇತಿಹಾಸವನ್ನು ಬರೆದರು. ಬಾಲಕೃಷ್ಣ ಅವರಂತಹ ಇತಿಹಾಸಕಾರರು ಫರ್ಮಾನುಗಳನ್ನು ನಂಬಿದರೆ, ಜದುನಾಥ ಸರ್ಕಾರರು ಅವು ಕೃತಕವೆಂದು ತಳ್ಳಿಹಾಕಿದರು. ಈ ಕಥನದಲ್ಲಿ ಘೋರ್ಪಡೆಯವರು ಹಿರಿಯ ಶಾಖೆಯಾಗಿಯೂ ಭೋಸಲೆಯವರು ಕಿರಿಯ ಶಾಖೆಯಾಗಿಯೂ ಬರುತ್ತಾರೆಂಬುದನ್ನು ಓದುಗನು ಮರೆಯಬಾರದು. 1648ರಲ್ಲಿ ಜಿಂಜಿಯ ಬಳಿ ಶಹಾಜಿಯನ್ನು ಸೆರೆಹಿಡಿದವರಲ್ಲಿ ಮುಧೋಳದ ಬಾಜಿ ಘೋರ್ಪಡೆಯೂ ಒಬ್ಬ. ಶಿವಾಜಿ 1664ರಲ್ಲಿ ಮುಧೋಳದ ಮೇಲೆ ಬಿದ್ದು ಅದರ ಸೇಡನ್ನು ತೀರಿಸಿಕೊಂಡನು. ಇಂತಹ ಹಗೆಯ ನೆನಪನ್ನು ಹೊತ್ತ ಸಂಸ್ಥಾನವೊಂದಕ್ಕೆ ಬ್ರಿಟಿಷರ ಕಾಲದಲ್ಲಿ ಹಿರಿತನದ ದಾಖಲೆ ಎಷ್ಟು ಬೆಲೆಬಾಳುವ ಸೊತ್ತಾಗಿದ್ದಿರಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಢೇರೆಯವರ ಬಳಿಯಪ್ಪ

ಮೇಲಿನ ಎರಡೂ ಉತ್ತರಗಳು ಬರಹದ ಆಧಾರಗಳನ್ನು ನೆಚ್ಚಿದ್ದವು. ಮೂರನೆಯ ಉತ್ತರವನ್ನು ಕೊಟ್ಟ ರಾಮಚಂದ್ರ ಚಿಂತಾಮಣ ಢೇರೆ ಅವರು ದೇವರುಗಳ ಇತಿಹಾಸವನ್ನು ಬರೆಯುತ್ತ ಮನುಷ್ಯರ ಇತಿಹಾಸಕ್ಕೆ ಬಂದವರು. ಪುಣೆ ಜಿಲ್ಲೆಯ ಮಾವಳ ಸೀಮೆಯ ನಿಗಡೆ ಎಂಬ ಹಳ್ಳಿಯಲ್ಲಿ 1930ರಲ್ಲಿ ಹುಟ್ಟಿ, ಪುಣೆಯಲ್ಲಿಯೇ ಬಾಳಿ, 2016ರಲ್ಲಿ ತೀರಿಕೊಂಡ ಅವರು, ಪಂಢರಪುರದ ವಿಠ್ಠಲನು ಮೂಲದಲ್ಲಿ ದನಗಾಹಿಗಳ ದೇವರೆಂದು ವಾದಿಸಿದ ‘ಶ್ರೀವಿಠ್ಠಲ: ಏಕ ಮಹಾಸಮನ್ವಯ’ ಗ್ರಂಥಕ್ಕೆ 1987ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಮರಾಠಿ ನಾಡಿನ ಭಕ್ತಿಯ ಬೇರುಗಳು ಕನ್ನಡ ನೆಲದಲ್ಲಿ ಎಷ್ಟು ದೂರ ಚಾಚಿವೆ ಎಂಬುದನ್ನು ಅವರಷ್ಟು ಪಟ್ಟುಹಿಡಿದು ಶೋಧಿಸಿದ ಮರಾಠಿ ವಿದ್ವಾಂಸರು ವಿರಳ. ಅವರ ‘ಶಿಖರ ಶಿಂಗಣಾಪುರಚಾ ಶ್ರೀಶಂಭುಮಹಾದೇವ’ ಗ್ರಂಥ 2001ರಲ್ಲಿ ಹೊರಬಂದಿತು. ಭೋಸಲೆಯವರ ಮೂಲದ ಪ್ರಶ್ನೆ ಅದರಲ್ಲಿ ಕುಲದೇವರ ಶೋಧದ ಫಲವಾಗಿ ಮೂಡಿಬರುತ್ತದೆ.

ಶಿಖರ ಶಿಂಗಣಾಪುರವು ಸಾತಾರಾ ಜಿಲ್ಲೆಯ ಮಾಣ ತಾಲೂಕಿನ ಬೋಳು ಗುಡ್ಡಗಳ ನಡುವಿನ ಬೆಟ್ಟದ ಮೇಲಿರುವ ಶಂಭು ಮಹಾದೇವನ ಕ್ಷೇತ್ರ. ಭೋಸಲೆಯವರಿಗೆ ಈ ದೇವರ ಮೇಲಿದ್ದ ನಿಷ್ಠೆ ಮಾಲೋಜಿಯ ಕಾಲದಿಂದ ಸ್ಪಷ್ಟವಾಗಿ ಕಾಣುತ್ತದೆ: ನೀರಿಲ್ಲದ ಆ ಬೆಟ್ಟದ ಮೇಲೆ ಯಾತ್ರಿಕರ ಬವಣೆಯನ್ನು ನೋಡಲಾರದೆ ಮಾಲೋಜಿ ದೊಡ್ಡ ಕೆರೆಯೊಂದನ್ನು ಕಟ್ಟಿಸಿದನು, ಮತ್ತು ಶಿವಾಜಿಯ ಆಶ್ರಿತನಾದ ಪರಮಾನಂದ ಕವಿ ತನ್ನ ಸಂಸ್ಕೃತ ಕಾವ್ಯ ಶಿವಭಾರತದಲ್ಲಿ ಮಾಲೋಜಿಯ ಈ ಭಕ್ತಿಯನ್ನು ಕೊಂಡಾಡಿದನು. ಮನೆತನದ ಸ್ಮಾರಕಗಳೂ ಅದೇ ಬೆಟ್ಟದ ಮೇಲಿವೆ. ಪುಣೆಯ ಬಳಿಯ ಸಾಸವಡದಿಂದ ಭಕ್ತರು ಹೊತ್ತು ತರುವ ನೀರಿನ ಕಾವಡಿ ಚೈತ್ರದ ಜಾತ್ರೆಯಲ್ಲಿ ಕಡಿದಾದ ಮುಂಗಿ ಘಾಟವನ್ನು ಏರುವುದು ಇಂದಿಗೂ ದೊಡ್ಡ ಆಚರಣೆ. ದಕ್ಷಿಣದಿಂದ ಕನ್ನಡ ನಾಡಿನ ಭಕ್ತರೂ ಈ ಜಾತ್ರೆಗೆ ಬರುತ್ತಾರೆ.

ಢೇರೆಯವರು ಸ್ಥಳದ ಐತಿಹ್ಯ, ಜನಪದ ಹಾಡು, ಪೂಜಾಪದ್ಧತಿ, ಕುಲನಾಮಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಕಟ್ಟಿದ ವಾದದ ಸಾರ ಹೀಗಿದೆ. ಹೊಯ್ಸಳರೂ ದೇವಗಿರಿಯ ಸೇವುಣರೂ ತಮ್ಮನ್ನು ಯದುವಂಶದವರೆಂದು ಕರೆದುಕೊಂಡ, ಗೋಪಾಲಕ ಹಿನ್ನೆಲೆಯಿಂದ ಬಂದ ಅರಸು ಕುಲಗಳು. ಮರಾಠಿ ಜನಪದದ ನೆನಪಿನಲ್ಲಿ ಉಳಿದಿರುವ ಗವಳಿ ರಾಜರು ಇವರೇ. 13ನೆಯ ಶತಮಾನದ ಆರಂಭದಲ್ಲಿ, ಹೊಯ್ಸಳ ಕುಲಕ್ಕೆ ಸೇರಿ ಸೇವುಣ ಸಿಂಘಣನಿಗೂ ಬಂಧುವಾಗಿದ್ದ ಬಳಿಯಪ್ಪ ಗೋಪತಿ ಶಿರಸಾಟನೆಂಬವನು ಗದಗ ಸೀಮೆಯ ಸೊರಟೂರಿನಿಂದ ತನ್ನ ಹಿಂಡಿನೊಂದಿಗೆ ಸಾತಾರೆಯ ಕಡೆಗೆ ಬಂದು, ತನ್ನ ಕುಲದೇವರನ್ನು ಬೆಟ್ಟದ ಮೇಲೆ ನೆಲೆಗೊಳಿಸಿ, ಸಿಂಘಣನ ಹೆಸರಿನಲ್ಲಿ ಶಿಂಗಣಾಪುರವನ್ನು ಕಟ್ಟಿದನು. ಗೋಪತಿಯೆಂದರೆ ಗೋವುಗಳ ಒಡೆಯ. ಭೋಸಲೆಯವರಲ್ಲಿ ಶಿರಸಾಟ ಭೋಸಲೆ ಎಂಬ ಶಾಖೆಯೊಂದು ಇರುವುದನ್ನೂ, ಹೊಯ್ಸಳ ಮತ್ತು ಭೋಸಲ ಎಂಬ ಹೆಸರುಗಳು ಒಂದನ್ನೊಂದು ಹೋಲುವುದನ್ನೂ ಅವರು ಬೆಂಬಲವಾಗಿ ತಂದರು. ಪುರಾತತ್ತ್ವಜ್ಞ ಎಂ. ಕೆ. ಧವಳೀಕರ್ ಅವರು ಈ ವಾದವು ಭೋಸಲೆ ಕುಲದ ಉಗಮವನ್ನು ಮನವರಿಕೆಯಾಗುವಂತೆ ವಿವರಿಸುತ್ತದೆಂದು ಒಪ್ಪಿಕೊಂಡರು. ಕನ್ನಡದ ಕಡೆಯಲ್ಲಿ ಬಳಿಯಪ್ಪನು ಬೆಳ್ಳಿಯಪ್ಪನೂ ಆದನು. ಗಡಿವಿವಾದ ಕಾವೇರಿದ 2021ರಲ್ಲಿ ಕರ್ನಾಟಕದ ಅಂದಿನ ಉಪಮುಖ್ಯಮಂತ್ರಿಯೊಬ್ಬರು ಆ ಹೆಸರನ್ನು ರಾಜಕೀಯದ ವೇದಿಕೆಯ ಮೇಲೂ ತಂದರು.

ದಾರಿಯ ಸಾಕ್ಷ್ಯ

ಸೊರಟೂರು ಆ ಕಾಲದಲ್ಲಿ ಅಜ್ಞಾತ ಹಳ್ಳಿಯಾಗಿರಲಿಲ್ಲ. ಕಲ್ಯಾಣದ ಚಾಲುಕ್ಯರ ಸಾಮ್ರಾಜ್ಯ ಕುಸಿದ ಮೇಲೆ ಅದರ ಉತ್ತರಾಧಿಕಾರಕ್ಕಾಗಿ ಹೊಯ್ಸಳ ಇಮ್ಮಡಿ ವೀರಬಲ್ಲಾಳ ಮತ್ತು ಸೇವುಣ ಐದನೆಯ ಭಿಲ್ಲಮರ ನಡುವೆ 1190ರ ಸುಮಾರಿಗೆ ನಿರ್ಣಾಯಕ ಯುದ್ಧ ನಡೆದದ್ದು ಈ ಸೊರಟೂರಿನ ಬಯಲಿನಲ್ಲಿಯೇ. ಗೆದ್ದ ಬಲ್ಲಾಳನು ಲಕ್ಕುಂಡಿಯಲ್ಲಿ ಬೀಡುಬಿಟ್ಟು ಗದಗ ಸೀಮೆಯನ್ನು ಆಳಿದನು. ಆದರೆ 13ನೆಯ ಶತಮಾನದ ಮೊದಲ ದಶಕಗಳಲ್ಲಿ ಸಿಂಘಣನು ಆ ಪ್ರದೇಶವನ್ನು ಮತ್ತೆ ಕಿತ್ತುಕೊಂಡನು. ಮೂವತ್ತು ವರ್ಷಗಳ ಒಳಗೆ ಎರಡು ಬಾರಿ ಕೈಬದಲಿಸಿದ ಇಂತಹ ನೆಲದಿಂದ ಸೋತ ಪಕ್ಷದ ಅಥವಾ ಗೆದ್ದವರ ಜೊತೆ ರಾಜಿಮಾಡಿಕೊಂಡ ಸಾಮಂತನೊಬ್ಬ ಉತ್ತರಕ್ಕೆ ಹೋಗಿರಬಹುದೆಂಬುದು ಅಸಂಭವವಲ್ಲ. ಸಂಚಾರ ಒಮ್ಮುಖವಾಗಿಯೂ ಇರಲಿಲ್ಲ: ಹೊಯ್ಸಳ ಸೋಮೇಶ್ವರನು 1237ರಲ್ಲಿ ಭೀಮಾತೀರದ ಪಂಢರಪುರದಲ್ಲಿ ಬೀಡುಬಿಟ್ಟಿದ್ದಾಗ ವಿಠ್ಠಲನಿಗೆ ಊರೊಂದನ್ನು ದತ್ತಿಬಿಟ್ಟ ಶಾಸನ ಅದೇ ದೇವಾಲಯದಲ್ಲಿದೆ.

ಅರಸರ ದಂಡಿಗಿಂತ ಹೆಚ್ಚು ಕಾಲ ಬಾಳಿದ್ದು ಕುರಿ ದನಗಳ ಹಾದಿ. ಸಹ್ಯಾದ್ರಿಯ ಪೂರ್ವಕ್ಕೆ ಮಳೆನೆರಳಿನ ಪಟ್ಟಿಯೊಂದು ಗದಗ, ವಿಜಾಪುರ, ಸಾಂಗಲಿ, ಮಾಣ, ಫಲಟಣ, ಬಾರಾಮತಿ, ದೌಂಡ್ ಸೀಮೆಗಳ ಮೂಲಕ ಉದ್ದಕ್ಕೆ ಹರಡಿಕೊಂಡಿದೆ. ಬೇಸಾಯಕ್ಕೆ ನೆಚ್ಚಿಕೆಯಿಲ್ಲದ, ಹುಲ್ಲುಗಾವಲಿಗೆ ಒಪ್ಪುವ ಈ ಪಟ್ಟಿಯಲ್ಲಿ ಕನ್ನಡ ಮರಾಠಿಗಳ ಗಡಿ ಪಶುಪಾಲಕರನ್ನು ಎಂದೂ ತಡೆದಿಲ್ಲ. ಜರ್ಮನ್ ವಿದ್ವಾಂಸ ಗುಂಥರ್ ಸೊಂಥೈಮರ್ ಅವರು ಪಶ್ಚಿಮ ಭಾರತದ ಕುರುಬ ದೇವರುಗಳ ಬಗ್ಗೆ 1976ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಧನಗರರು ಓವಿಗಳಲ್ಲಿ, ಅಂದರೆ ಹಾಡುಗಬ್ಬಗಳಲ್ಲಿ, ಉಳಿಸಿಕೊಂಡಿರುವ ವಲಸೆಯ ಕಥನಗಳನ್ನು ಒಟ್ಟುಗೂಡಿಸಿದರು. ಪುಣೆ ಜಿಲ್ಲೆಯ ವೀರ ಎಂಬ ಊರಿನ ಮ್ಹಸ್ಕೋಬಾ ತನ್ನ ಭಕ್ತನಾದ ಕುರಿಗಾಹಿಯ ಹಿಂದೆ ಬಂದವನು. ಜೇಜೂರಿಯ ಖಂಡೋಬಾನನ್ನು ಕನ್ನಡ ಭಕ್ತರು ಮೈಲಾರನೆಂದೇ ಗುರುತಿಸುತ್ತಾರೆ. ದೇವರು ಭಕ್ತನನ್ನು ಹಿಂಬಾಲಿಸಿ ಹೊಸ ನಾಡಿಗೆ ಬರುವ ಕತೆಯು ಈ ಪಟ್ಟಿಯ ಉದ್ದಕ್ಕೂ ಮತ್ತೆ ಮತ್ತೆ ಕೇಳಿಬರುತ್ತದೆ, ಮತ್ತು ಬಳಿಯಪ್ಪನ ಕತೆ ಅದೇ ಸಾಲಿನಲ್ಲಿ ಸರಾಗವಾಗಿ ಹೊಂದಿಕೊಳ್ಳುತ್ತದೆ. ಧಾರವಾಡದ ಶಂಬಾ ಜೋಶಿ ಅವರು ಢೇರೆಯವರಿಗಿಂತ ಅರ್ಧ ಶತಮಾನದಷ್ಟು ಮೊದಲೇ, 1952ರಲ್ಲಿ ಮರಾಠಿಯಲ್ಲಿ ಬರೆದ ಗ್ರಂಥದಲ್ಲಿ, ಮರಾಠಿ ಸಂಸ್ಕೃತಿಯ ಅಡಿಯಲ್ಲಿ ಹಟ್ಟಿಕಾರರೆಂಬ ಕನ್ನಡ ಪಶುಪಾಲಕರ ಪದರವಿದೆಯೆಂದು ವಾದಿಸಿದ್ದುದನ್ನು ಇಲ್ಲಿ ನೆನೆಯಬೇಕು.

ಹೆಸರಿನ ಮುಂದಿನ ತೊಡಕುಗಳು

ಆದರೆ ದಾರಿ ಇತ್ತೆಂದು ಸಾಧಿಸಿದ ಮಾತ್ರಕ್ಕೆ ಆ ದಾರಿಯಲ್ಲಿ ಇಂತಹವನೇ ನಡೆದನೆಂದು ಸಾಧಿಸಿದಂತಾಗುವುದಿಲ್ಲ. 13ನೆಯ ಶತಮಾನದ ಆರಂಭದ ಬಳಿಯಪ್ಪನಿಗೂ 16ನೆಯ ಶತಮಾನದ ಬಾಬಾಜಿಗೂ ನಡುವೆ ಸುಮಾರು ಮೂರೂವರೆ ಶತಮಾನಗಳ, ಅಂದರೆ ಹನ್ನೆರಡು ಹದಿನಾಲ್ಕು ತಲೆಮಾರುಗಳ ಅಂತರವಿದೆ. ಅದನ್ನು ತುಂಬುವ ಹೆಸರುಗಳ ಸರಪಳಿ ಢೇರೆಯವರ ವಾದದಲ್ಲಿಯೂ ಇಲ್ಲ. ಆಫ್ರಿಕದ ಮೌಖಿಕ ಪರಂಪರೆಗಳನ್ನು ಅಧ್ಯಯನ ಮಾಡಿದ ಬೆಲ್ಜಿಯಂ ಮೂಲದ ಇತಿಹಾಸಕಾರ ಯಾನ್ ವ್ಯಾನ್ಸಿನಾ, ಜನರ ನೆನಪು ಕುಲದ ಸ್ಥಾಪಕನನ್ನೂ ಇತ್ತೀಚಿನ ಕೆಲವು ತಲೆಮಾರುಗಳನ್ನೂ ವಿವರವಾಗಿ ಉಳಿಸಿಕೊಂಡು ನಡುವಿನವರನ್ನು ಬಿಟ್ಟುಬಿಡುತ್ತದೆಂದೂ, ಕಾಲ ಸರಿದಂತೆ ಆ ಬರಿದಾದ ಭಾಗವೂ ಮುಂದಕ್ಕೆ ಸರಿಯುತ್ತದೆಂದೂ ತೋರಿಸಿ ಅದನ್ನು ತೇಲುವ ಅಂತರವೆಂದು ಕರೆದರು. ಶಿಂಗಣಾಪುರದ ಐತಿಹ್ಯದ ಸ್ವರೂಪ ಇದಕ್ಕೆ ತಕ್ಕಂತಿದೆ. ಆದ್ದರಿಂದ ಬಳಿಯಪ್ಪನು ಕ್ಷೇತ್ರದ ಸ್ಥಾಪಕನಾಗಿದ್ದು, ಆ ಕ್ಷೇತ್ರದ ಒಕ್ಕಲಾದ ಭೋಸಲೆಯವರು ಮುಂದೆ ಅವನಿಗೆ ಕುಲದ ಸ್ಥಾಪಕನ ಸ್ಥಾನವನ್ನೂ ಕೊಟ್ಟಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಹೆಸರುಗಳ ಹೋಲಿಕೆಯ ವಾದವಂತೂ ಇನ್ನೂ ದುರ್ಬಲ. ಹೊಯ್ಸಳದ ಹಕಾರವು ಭಕಾರವಾಗುವ ಬದಲಾವಣೆಗೆ ಅದೇ ಕಾಲದ ಬೇರೆ ಮಾತುಗಳಿಂದ ಸಮಾಂತರ ಉದಾಹರಣೆಗಳನ್ನು ಕೊಡದ ಹೊರತು ಅದು ಕಿವಿಗೆ ಹಿತವಾದ ಊಹೆಯಾಗಿಯೇ ಉಳಿಯುತ್ತದೆ.

ಕನ್ನಡಿಗರು ಸಾಮಾನ್ಯವಾಗಿ ಗಮನಿಸದ ಇನ್ನೊಂದು ತೊಡಕು ಬೆಂಗಳೂರಿನ ಮೌನ. ಶಹಾಜಿ 1638ರಿಂದ 1664ರಲ್ಲಿ ಚನ್ನಗಿರಿ ಸೀಮೆಯ ಹೊದಿಗೆರೆಯ ಬಳಿ ಬೇಟೆಯಲ್ಲಿ ಸಾಯುವವರೆಗೆ ಬಹುಪಾಲು ಕಾಲವನ್ನು ಕನ್ನಡ ನಾಡಿನಲ್ಲಿಯೇ ಕಳೆದನು. ಕನ್ನಡ ಪಾಳೆಯಗಾರರ ಜೊತೆ ವ್ಯವಹರಿಸುತ್ತಿದ್ದ, ಕನ್ನಡದ ಪದ್ಯಕ್ಕೂ ಎಡೆಯಿದ್ದ ಆ ಆಸ್ಥಾನದಲ್ಲಿ ತಾನು ಇದೇ ನೆಲದಿಂದ ಹೋದವರ ವಂಶಜನೆಂಬ ಮಾತು ರಾಜಕೀಯವಾಗಿ ಉಪಯೋಗಕ್ಕೆ ಬರುತ್ತಿತ್ತು. ಆದರೂ ಅವನ ಆಸ್ಥಾನಕವಿ ಬೊಟ್ಟು ಮಾಡಿದ್ದು ಚಿತ್ತೋಡಿನ ಕಡೆಗೆ. ಅವನ ಮಗ ಏಕೋಜಿಯ ವಂಶಜರು ತಂಜಾವೂರಿನಲ್ಲಿ ಆಳುತ್ತಿದ್ದಾಗ, ಇಮ್ಮಡಿ ಸರಫೋಜಿಯು 1803ರಲ್ಲಿ ಬೃಹದೀಶ್ವರ ದೇವಾಲಯದ ಗೋಡೆಯ ಮೇಲೆ ಮನೆತನದ ಚರಿತ್ರೆಯನ್ನೇ ಮರಾಠಿಯಲ್ಲಿ ಕೆತ್ತಿಸಿದನು. ಕುಲದ ಹೆಗ್ಗಳಿಕೆಯನ್ನು ಕಲ್ಲಿನಲ್ಲಿ ನಿಲ್ಲಿಸುವ ಆಸೆ ಸಾತಾರೆ, ನಾಗಪುರ, ತಂಜಾವೂರುಗಳ ಎಲ್ಲ ಶಾಖೆಗಳಿಗೂ ಇತ್ತು, ಗೋಪಾಲಕ ಮೂಲವನ್ನು ಹೇಳಿಕೊಳ್ಳುವ ಆಸೆ ಯಾವುದಕ್ಕೂ ಇರಲಿಲ್ಲ. ಈ ಮೌನವನ್ನು ಎರಡು ರೀತಿಯಲ್ಲಿ ಓದಬಹುದು: ಅಂತಹ ನೆನಪೇ ಇರಲಿಲ್ಲವೆಂದು, ಅಥವಾ 17ನೆಯ ಶತಮಾನದ ಅಂತಸ್ತಿನ ಲೆಕ್ಕದಲ್ಲಿ ದನಗಾಹಿಯಾದ ಪೂರ್ವಜನಿಗಿಂತ ಚಿತ್ತೋಡಿನ ರಾಜಕುಮಾರನಿಗೆ ಬೆಲೆ ಹೆಚ್ಚಾಗಿತ್ತೆಂದು. ಎರಡನೆಯ ಓದನ್ನು ಒಪ್ಪುವವರು, ಇಂದಿನ ಲೆಕ್ಕದಲ್ಲಿ ಭಾಷೆಯ ಹೆಮ್ಮೆಗೆ ಬೆಲೆ ಹೆಚ್ಚಾಗಿರುವುದರಿಂದಲೇ ಬಳಿಯಪ್ಪ ನಮಗೆ ಪ್ರಿಯನಾಗಿದ್ದಾನೆ ಎಂಬ ಮಾತನ್ನೂ ಒಪ್ಪಬೇಕಾಗುತ್ತದೆ.

ಹೀಗೆ ತೂಗಿ ನೋಡಿದಾಗ ಸಿಗುವ ತೀರ್ಮಾನಗಳು ಮೂರು ಮಟ್ಟದವು. ಬಾಬಾಜಿಯಿಂದ ಈಚೆಗಿನದು ದಾಖಲೆಯಿಂದ ಸಿದ್ಧವಾದ ಇತಿಹಾಸ. ಗದಗ ಸೀಮೆಯಿಂದ ಭೀಮಾತೀರದವರೆಗೆ ಜನ, ಜಾನುವಾರು, ದೇವರುಗಳು ಶತಮಾನಗಳ ಕಾಲ ಸಂಚರಿಸಿದ ದಾರಿ ಹಲವು ಸ್ವತಂತ್ರ ಸಾಕ್ಷ್ಯಗಳಿಂದ ಬಲಗೊಂಡ ಸಂಗತಿ. ಬಳಿಯಪ್ಪನೇ ಭೋಸಲೆಯವರ ಮೂಲಪುರುಷನೆಂಬುದು ಚಿತ್ತೋಡಿನ ಕತೆಗಿಂತ ಭೂಗೋಳಕ್ಕೂ ಕುಲದೇವರಿಗೂ ಹೆಚ್ಚು ಹೊಂದುವ, ಆದರೆ ಇನ್ನೂ ಸಿದ್ಧಗೊಳ್ಳದ ಊಹೆ. ಈ ಊಹೆಯನ್ನು ಮುಂದಕ್ಕೆ ಒಯ್ಯಲು ಬೇಕಾದ ಸಾಮಗ್ರಿ ಎರಡೂ ರಾಜ್ಯಗಳಲ್ಲಿ ಹಂಚಿಹೋಗಿದೆ. ಮಾಣ ಮತ್ತು ಫಲಟಣ ಸೀಮೆಯ ವತನದ ಕರೀನಾಗಳು ಪುಣೆಯಲ್ಲಿ ಮೋಡಿ ಬಲ್ಲವರಿಗಾಗಿ ಕಾದಿವೆ. ಸೊರಟೂರು, ಲಕ್ಕುಂಡಿ, ಗದಗ ಸುತ್ತಿನ ಹೊಯ್ಸಳ ಸೇವುಣ ಶಾಸನಗಳಲ್ಲಿ ಬರುವ ಗೋಪಾಲಕ ನಾಯಕರ ಹೆಸರುಗಳನ್ನು ಈ ದೃಷ್ಟಿಯಿಂದ ಪಟ್ಟಿಮಾಡಬೇಕಾಗಿದೆ. ಎತ್ತಿನ ಮೇಲೆ ಊರೂರು ಸುತ್ತಿ ಒಕ್ಕಲು ಮನೆತನಗಳ ಪೀಳಿಗೆಯನ್ನೂ ಮೂಲಸ್ಥಳವನ್ನೂ ಹೇಳುವ ಉತ್ತರ ಕರ್ನಾಟಕದ ಹೆಳವರ ಹೊತ್ತಿಗೆಗಳಲ್ಲಿ ಉತ್ತರಕ್ಕೆ ಹೋದ ಕುಲಗಳ ಸುಳಿವು ಇದೆಯೇ ಎಂಬುದನ್ನು ನೋಡಬೇಕಾಗಿದೆ. ಮೋಡಿಯನ್ನೂ ಹಳಗನ್ನಡ ಶಾಸನವನ್ನೂ ಒಂದೇ ಮೇಜಿನ ಮೇಲೆ ಇಟ್ಟು ಓದಬಲ್ಲವರು ಈ ಕೆಲಸಕ್ಕೆ ಕೈಹಾಕುವವರೆಗೆ, ಸೊರಟೂರಿನ ಗೋಪಾಲಕನ ಹೆಸರಿನಲ್ಲಿ ಶಿವಾಜಿಯನ್ನು ಕನ್ನಡಿಗನೆಂದು ಸಾರುವುದೂ, ಆ ಗೋಪಾಲಕನ ಮಾತೆತ್ತುವುದೇ ಅಪಮಾನವೆಂದು ಸಿಡಿಮಿಡಿಗೊಳ್ಳುವುದೂ ಸಮಾನವಾಗಿ ಆತುರದ ಮಾತುಗಳು.